ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ, ರಿಪೋರ್ಟಿಗೆ ಸಹಿ ಹಾಕಿದವರು ಮನೆಯನ್ನೇ ನೋಡಿಲ್ಲ

ಸಾಗರದ ಹೊಸ ಮನೆ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಗೃಹಪ್ರವೇಶ ಆಗಿ ನಾಲ್ಕು ತಿಂಗಳಾಯಿತು. ಸಾಲದ ಕಂತಿನ ಜೊತೆ ಈಗ ಇನ್ನೊಂದು ತಲೆನೋವು. ಗೀಸರ್ ಆನ್ ಇದ್ದಾಗ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಮೊದಲು ಅಮ್ಮ ಹೇಳಿದರು, "ನಲ್ಲಿ ಕಚ್ಚುತ್ತೆ ಕಣೋ" ಅಂತ. ವಯಸ್ಸಾಯಿತು, ಕೈ ಜೋಮು ಹಿಡಿದಿರಬೇಕು ಅಂದುಕೊಂಡು ಸುಮ್ಮನಿದ್ದೆ. ನಿನ್ನೆ ನನಗೇ ಹೊಡೆಯಿತು. ಟೆಸ್ಟರ್ ಇಟ್ಟರೆ ಸಣ್ಣಗೆ ದೀಪ ಉರಿಯುತ್ತದೆ.

ವೈರಿಂಗ್ ಮಾಡಿದ ಹುಡುಗನಿಗೆ ಫೋನ್ ಮಾಡಿದೆ. "ಹೊಸ ಗೀಸರ್ ಅಲ್ವಾ ಅಣ್ಣ, ಸ್ವಲ್ಪ ದಿನ ಹಾಗೇ ಇರುತ್ತೆ" ಅಂದ. ಇದು ನಿಜವಾ?

ಇನ್ನೊಂದು ವಿಷಯ. ಮನೆ ಕಾಗದಪತ್ರದ ಫೈಲ್ ತೆಗೆದು ನೋಡಿದೆ. ಮೀಟರ್ ಹಾಕಿಸುವಾಗ ಕೊಟ್ಟ ಕಂಪ್ಲೀಷನ್ ರಿಪೋರ್ಟಿನಲ್ಲಿ (ವೈರಿಂಗ್ ಮುಗಿದಿದೆ, ಪರೀಕ್ಷೆ ಆಗಿದೆ ಅನ್ನುವ ಕಾಗದ) ಬೇರೆ ಯಾರದೋ ಸಹಿ, ಲೈಸೆನ್ಸ್ ನಂಬರ್, ಸೀಲು ಇದೆ. ಆ ಮನುಷ್ಯನ ಮುಖವನ್ನೇ ನಾನು ನೋಡಿಲ್ಲ. "ಸಹಿ ಖರ್ಚು" ಅಂತ ಹುಡುಗ ಮೂರು ಸಾವಿರ ಇಸಿದುಕೊಂಡಿದ್ದು ಮಾತ್ರ ನೆನಪಿದೆ.

ಮೆಗ್ಗರ್ ಮಾವ

ಮೊದಲು ಎದ್ದು ಹೋಗಿ ಗೀಸರ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿ ಬನ್ನಿ. ಆಮೇಲೆ ಮುಂದೆ ಓದಿ.

ಹೊಸ ಗೀಸರ್ ಆದರೂ ಹಳೇ ಗೀಸರ್ ಆದರೂ ನಲ್ಲಿಯಲ್ಲಿ ಕರೆಂಟ್ ಬರಬಾರದು. ಸ್ವಲ್ಪ ದಿನ ಆದ ಮೇಲೆ ಸರಿಹೋಗುವ ಕಾಯಿಲೆ ಅಲ್ಲ ಇದು. ಎರಡು ಪ್ರಶ್ನೆ. ಗೀಸರ್ ಉರಿಯುತ್ತಿದ್ದಾಗ ಫ್ರಿಜ್ಜಿನಲ್ಲೋ ವಾಷಿಂಗ್ ಮೆಷಿನ್ನಿನಲ್ಲೋ ಯಾವಾಗಲಾದರೂ ಜುಮ್ ಅಂದಿದೆಯಾ? ಈಗ ಪರೀಕ್ಷೆ ಮಾಡಲು ಹೋಗಬೇಡಿ, ನೆನಪಿದ್ದರೆ ಹೇಳಿ. ಎರಡನೆಯದು, ಡಿಬಿ ಬಾಕ್ಸಿನಲ್ಲಿ (ಎಂಸಿಬಿ ಎಲ್ಲ ಇರುವ ಡಬ್ಬಿ) ಆರ್‌ಸಿಸಿಬಿ ಇದೆಯಾ? ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು ಅದು. ಎಂಸಿಬಿಗಿಂತ ಅಗಲ ಇರುತ್ತದೆ, "ಟಿ" ಅಂತ ಬರೆದ ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಠಪ್ ಅಂತ ಬೀಳಬೇಕು.

ಸಾಗರದ ಹೊಸ ಮನೆ

ಎಂಸಿಬಿ ಇಳಿಸಿದೆ ಸರ್. ಫ್ರಿಜ್ ಹೌದು! ಬರಿಗಾಲಲ್ಲಿ ನಿಂತು ಬಾಗಿಲು ತೆಗೆದಾಗ ಎರಡು ಸಲ ಆಗಿದೆ, ಎರಡೂ ಸಲ ಬೆಳಗ್ಗೆ ಸ್ನಾನದ ಹೊತ್ತು. ಆರ್‌ಸಿಸಿಬಿ ಇದೆ. ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಹುಡುಗನಿಗೆ ಕೇಳಿದರೆ, "ಅದು ಪದೇ ಪದೇ ಬೀಳ್ತಿತ್ತು ಅಣ್ಣ, ಡೈರೆಕ್ಟ್ ಕೊಟ್ಟಿದ್ದೀನಿ" ಅಂತಾನೆ.

ಧಾರವಾಡದಾಕಿ

ಡೈರೆಕ್ಟ್ ಕೊಟ್ಟಿದ್ದೀನಿ ಅಂದರೆ ಕರೆಂಟು ಅದನ್ನು ದಾಟದ ಹಾಗೆ ತಂತಿ ಸೇರಿಸಿದ್ದಾನೆ. ನಾಯಿ ಜಾಸ್ತಿ ಬೊಗಳುತ್ತೆ ಅಂತ ಬಾಯಿ ಕಟ್ಟಿ ಹಾಕಿದ ಹಾಗೆ ಆಯ್ತಲ್ಲ!

ಬನಶಂಕರಿ ಬಾಡಿಗೆದಾರ

ಒಂದು ಡೌಟು. ಈಗಿನ ಮನೆಗಳಲ್ಲಿ ಪೈಪ್ ಎಲ್ಲ ಪ್ಲಾಸ್ಟಿಕ್ ಅಲ್ವಾ? ಮತ್ತೆ ನಲ್ಲಿಗೆ ಕರೆಂಟ್ ಹೇಗೆ ಬರುತ್ತೆ?

ಮೆಗ್ಗರ್ ಮಾವ

ನೀರಿನ ಮೂಲಕ. ಗೀಸರ್ ಒಳಗೆ ನೀರು ಕಾಯಿಸುವ ಕಾಯಿಲಿನ ಮೇಲ್ಹೊದಿಕೆ ಸಣ್ಣಗೆ ಬಿರುಕು ಬಿಟ್ಟರೂ ಸಾಕು, ಟ್ಯಾಂಕು, ಅದರೊಳಗಿನ ನೀರು ಎರಡಕ್ಕೂ ಕರೆಂಟ್ ಬರುತ್ತದೆ. ನಮ್ಮ ಬೋರ್ ನೀರಿನಲ್ಲಿ ಉಪ್ಪಿನಂಶ ಇದ್ದರೆ ಇನ್ನೂ ಚೆನ್ನಾಗಿ ಹರಿಯುತ್ತದೆ. ಪ್ಲಾಸ್ಟಿಕ್ ಪೈಪಿನೊಳಗೆ ನೀರಿನ ಉದ್ದ ಜಾಸ್ತಿ ಇರುವುದರಿಂದ ನಲ್ಲಿಗೆ ಬರುವಷ್ಟರಲ್ಲಿ ಶಕ್ತಿ ಕುಗ್ಗಿರುತ್ತದೆ. ಅದಕ್ಕೇ ಜುಮ್ ಅಂತ ಬಿಟ್ಟಿದೆ. ಅದೇ ಟ್ಯಾಂಕಿನ ಲೋಹ ಮುಟ್ಟಿದ್ದರೆ ಕತೆ ಬೇರೆ.

ಇನ್ನು ಫ್ರಿಜ್ಜಿನ ವಿಷಯ. ಸಾಗರದವರೇ, ನಿಮ್ಮ ಮನೆಯ ಕಾಯಿಲೆಯ ಗುಟ್ಟು ಅಲ್ಲೇ ಇದೆ. ಗೀಸರ್ ಆನ್ ಇದ್ದಾಗ ಫ್ರಿಜ್ ಜುಮ್ ಅಂದರೆ, ಮನೆಯೊಳಗೆ ಹಸಿರು ತಂತಿ (ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ತಂತಿ) ಎಲ್ಲ ಪಾಯಿಂಟಿಗೂ ಸರಿಯಾಗಿ ಹೋಗಿದೆ. ಆದರೆ ಆ ತಂತಿ ನೆಲಕ್ಕೆ ಹೋಗಿಲ್ಲ. ಅರ್ಥಿಂಗ್ ಪಿಟ್ಟಿಗೂ (ಅರ್ಥ್ ಪೈಪ್ ಹೂತ ಗುಂಡಿ) ಡಿಬಿಗೂ ನಡುವೆ ಎಲ್ಲೋ ತುಂಡಾಗಿದೆ, ಇಲ್ಲವೇ ಸೇರಿಸಿಯೇ ಇಲ್ಲ. ಹಾಗಾದಾಗ ಅರ್ಥ್ ತಂತಿ ಕಾಪಾಡುವ ಬದಲು ಗೀಸರಿನ ಕರೆಂಟನ್ನು ಮನೆಯ ಎಲ್ಲ ತ್ರಿಪಿನ್ ಸಾಮಾನಿಗೂ ಪ್ರಸಾದದ ಹಾಗೆ ಹಂಚುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ ಮುಟ್ಟಿದವರಿಗೆ ಬಚ್ಚಲಿನ ಗೀಸರ್ ಶಾಕ್ ಹೊಡೆಯುತ್ತದೆ.

ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಒಬ್ಬರನ್ನು ಕರೆಸಿ. ಮೆಗ್ಗರ್ (ತಂತಿಯ ಇನ್ಸುಲೇಷನ್, ಅಂದರೆ ಹೊದಿಕೆ, ಅಳೆಯುವ ಮೀಟರ್), ಅರ್ಥ್ ಟೆಸ್ಟರ್ (ಅರ್ಥಿಂಗ್ ಅಳೆಯುವ ಮೀಟರ್) ಎರಡೂ ತರಬೇಕು ಅಂತ ಫೋನಿನಲ್ಲೇ ಹೇಳಿ. "ಅದೆಲ್ಲ ಬೇಕಾಗಲ್ಲ, ಬಲ್ಬ್ ಹೋಲ್ಡರ್ ಹಚ್ಚಿ ನೋಡ್ತೀನಿ" ಅಂದರೆ ಬೇರೆಯವರನ್ನು ಹುಡುಕಿ.

ಪಾಯಿಂಟ್ ರೇಟ್

ನಾನೂ ವೈರಿಂಗ್ ಕೆಲಸದವನೇ. 14 ವರ್ಷ ಆಯಿತು. ಪರ್ಮಿಟ್ ಇಲ್ಲ. ಸುಳ್ಳು ಯಾಕೆ ಹೇಳಲಿ. ಆ ಹುಡುಗನನ್ನು ಬೈಯುವ ಮುಂಚೆ ಒಂದು ಮಾತು ಕೇಳಿ. ಆರ್‌ಸಿಸಿಬಿ ಬಿದ್ದರೆ ರಾತ್ರಿ 11ಕ್ಕೆ ಫೋನ್ ಬರುವುದು ನಮಗೆ. "ಏನಯ್ಯಾ ಕೆಲಸ ಮಾಡಿದ್ದೀಯಾ, ಮನೆಯೆಲ್ಲ ಕತ್ತಲು" ಅಂತ. ಹೋಗಿ ಬಂದರೆ ಪೆಟ್ರೋಲ್ ದುಡ್ಡೂ ಕೊಡುವುದಿಲ್ಲ. ಒಂದು ಲೈಟು, ಪ್ಲಗ್ಗಿಗೆ ಇಷ್ಟು ಅಂತ ಪಾಯಿಂಟ್ ಲೆಕ್ಕದಲ್ಲಿ ಮಾತಾಡಿಕೊಂಡಿರುತ್ತಾರೆ. ಟೆಸ್ಟಿಂಗ್ ಅಂತ ಒಂದು ಸಾಲು ಯಾವ ಎಸ್ಟಿಮೇಟಿನಲ್ಲಿ ಇರುತ್ತೆ ಹೇಳಿ.

ದಾವಣಗೆರೆ ಕಾಂಟ್ರಾಕ್ಟರ್

ಲೈಸೆನ್ಸ್ ಇರುವವರ ಕಡೆಯಿಂದಲೂ ಒಂದು ಮಾತು. ಮನೆ ಕಟ್ಟಿಸುವವರು ಮೊದಲು ನಮ್ಮನ್ನು ಕರೆಯುವುದಿಲ್ಲ. ಸ್ಲ್ಯಾಬ್ ಹಾಕುವಾಗ ಪೈಪ್ ಬಿಡಲು ಗಾರೆ ಮೇಸ್ತ್ರಿ ಕರೆತಂದ ಹುಡುಗ ಬರುತ್ತಾನೆ. ಅವನೇ ವೈರ್ ಎಳೆಯುತ್ತಾನೆ. ಬಣ್ಣ ಆದ ಮೇಲೆ, ಮೀಟರ್ ಬೇಕು ಅಂದಾಗ, ನಮ್ಮ ಬಾಗಿಲಿಗೆ ಬರುತ್ತಾರೆ. "ಸರ್, ಒಂದು ಸಹಿ." ಇಲ್ಲ ಅಂದರೆ ಪಕ್ಕದ ಬೀದಿಯಲ್ಲಿ ಹಾಕಿಕೊಡುವವರು ಇದ್ದಾರೆ. ನಾನು ಹಾಕುವುದಿಲ್ಲ. ಅದಕ್ಕೆ ನನಗೆ ಮನೆ ಕೆಲಸ ಕಡಿಮೆ, ರೈಸ್ ಮಿಲ್ ಕೆಲಸ ಜಾಸ್ತಿ.

ಮೆಗ್ಗರ್ ಮಾವ

ಇಬ್ಬರ ಮಾತೂ ಸರಿಯೇ. ಆದರೂ ಕಾನೂನು ಏನು ಅನ್ನುತ್ತದೆ ಅಂತ ಒಮ್ಮೆ ಹೇಳಿಬಿಡುತ್ತೇನೆ. ನಾನು ಸೂಪರ್‌ವೈಸರ್ ಪರ್ಮಿಟ್ ತೆಗೆದುಕೊಂಡ ಕಾಲಕ್ಕೆ 1956ರ ಭಾರತೀಯ ವಿದ್ಯುತ್ ನಿಯಮಗಳು ಇದ್ದವು. ಅದರಲ್ಲಿ 45ನೇ ನಿಯಮ ನಮಗೆ ಬಾಯಿಪಾಠ. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದನ್ನೂ ಹೊಸದಾಗಿ ಬರೆಯಿತು. ಪುಸ್ತಕ ಬದಲಾದರೂ ತಿರುಳು ಅದೇ. ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಿಸಬೇಕು. ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ಎದುರಿಗೇ ನಿಂತಿರಬೇಕು. ತಂತಿ ಮುಟ್ಟುವವನ ಕೈಯಲ್ಲಿ ಪರ್ಮಿಟ್ ಇರಬೇಕು. ಮೂರು ಜನ, ಮೂರು ಕಾಗದ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿದ್ಯುತ್ ಪರಿವೀಕ್ಷಣಾಲಯ. ಕರೆಂಟ್ ಬಿಲ್ ಕೊಡುವ ಕಂಪನಿ ಬೇರೆ, ಇದು ಬೇರೆ. ತುಂಬಾ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ಕಂಪ್ಲೀಷನ್ ರಿಪೋರ್ಟಿಗೆ ಹಾಕುವ ಸಹಿ "ನಾನು ಮೆಗ್ಗರ್ ಹಾಕಿ ನೋಡಿದ್ದೇನೆ, ಅರ್ಥ್ ಅಳೆದಿದ್ದೇನೆ" ಅನ್ನುವ ಮಾತಿನ ಕೆಳಗೆ ಬೀಳುವ ಸಹಿ. ಸಾಗರದವರೇ, ಕಾಗದವನ್ನು ಮತ್ತೆ ನೋಡಿ. ರೀಡಿಂಗ್ ಬರೆದಿರುತ್ತಾರೆ.

ಸಾಗರದ ಹೊಸ ಮನೆ

ನೋಡಿದೆ. ಇನ್ಸುಲೇಷನ್ "100 ಮೆಗಾ ಓಮ್". ಅರ್ಥ್ "1 ಓಮ್". ನೀಲಿ ಪೆನ್ನಿನಲ್ಲಿ ಚೆನ್ನಾಗಿ ಬರೆದಿದ್ದಾರೆ.

ಮೆಗ್ಗರ್ ಮಾವ

ಅರ್ಥಿನ ಓಮ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ನಮ್ಮ ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ, ಮನೆಯ ಒಂದೇ ಪೈಪಿಗೆ 1 ಓಮ್ ಬಂದರೆ ನಾನೇ ಬಂದು ಆ ಪಿಟ್ಟಿಗೆ ಹೂ ಹಾಕಿ ಹೋಗುತ್ತೇನೆ.

ಬನಶಂಕರಿ ಬಾಡಿಗೆದಾರ

ಹಾಗಾದರೆ ನಾನು ಮನೆಯಲ್ಲಿ ಸ್ವಿಚ್ ಬದಲಾಯಿಸಿದರೂ ತಪ್ಪಾ? ಹೋದ ವಾರ ಎರಡು ಬದಲಾಯಿಸಿದೆ.

ದಾವಣಗೆರೆ ಕಾಂಟ್ರಾಕ್ಟರ್

ಇಲ್ಲ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಮನೆ ಬಳಕೆಯ ಸಾಮಾನು ಬದಲಾಯಿಸಲು ನಿಯಮದಲ್ಲೇ ವಿನಾಯಿತಿ ಇದೆ. ಆದರೆ ವೈರಿಂಗಿನ ಸಾಮರ್ಥ್ಯ, ಸ್ವರೂಪ ಬದಲಾಗಬಾರದು. ಫ್ಯಾನ್ ಬದಲಾಯಿಸಿ, ಬೇಡ ಅನ್ನುವುದಿಲ್ಲ. ಬೆಡ್‌ರೂಮಿನ 6 ಆಂಪ್ ಪ್ಲಗ್ಗಿನಿಂದ ಎಳೆದು ಎಸಿ ಕೂರಿಸಿದರೆ ಅದು ಸ್ವಿಚ್ ಬದಲಾಯಿಸಿದ ಹಾಗಲ್ಲ. ಮೇನ್ ಆಫ್ ಮಾಡಿ ಮಾಡಿದಿರಿ ತಾನೇ?

ಬನಶಂಕರಿ ಬಾಡಿಗೆದಾರ

ಮಾಡಿದೆ ಸರ್. ಯೂಟ್ಯೂಬ್ ನೋಡಿಕೊಂಡು ಮಾಡಿದೆ. ಅದರಲ್ಲಿ ಕಪ್ಪು ವೈರ್ ಫೇಸ್ (ಕರೆಂಟ್ ಬರುವ ತಂತಿ) ಅಂತ ತೋರಿಸಿದರು. ನಮ್ಮ ಮನೆಯಲ್ಲಿ ಸ್ವಿಚ್ಚಿಗೆ ಕೆಂಪು ಬಂದಿತ್ತು. ತಲೆ ಕೆರೆದುಕೊಂಡೆ.

ಫ್ರೀಮಾಂಟ್ ಕನ್ನಡಿಗ

ಅಯ್ಯೋ, ಅದು ನಮ್ಮ ಕಡೆಯ ವಿಡಿಯೋ! ದಯವಿಟ್ಟು ಅದನ್ನು ನೋಡಿಕೊಂಡು ಅಲ್ಲಿ ಕೈ ಹಾಕಬೇಡಿ. ಅಮೆರಿಕದಲ್ಲಿ ಕಪ್ಪು ಫೇಸು, ಬಿಳಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ). ಊರಿನಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್. ಒಂದೇ ಬಣ್ಣ, ಅರ್ಥ ಪೂರ್ತಿ ಉಲ್ಟಾ. ಹೆಸರಿನಲ್ಲೂ ಇದೇ ಗೊಂದಲ. "ಎನ್‌ಇಸಿ" ಅಂತ ಇಲ್ಲೂ ಇದೆ, ಅಲ್ಲೂ ಇದೆ. ರಾಷ್ಟ್ರೀಯ ವಿದ್ಯುತ್ ಸಂಹಿತೆ ಅಂತ. ಇಲ್ಲಿಯದು 1897ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಭಾರತದ್ದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ತಂದ ಎಸ್‌ಪಿ 30. ಎರಡೂ ಬೇರೆ ಬೇರೆ ಪುಸ್ತಕ.

ಇಲ್ಲಿ ನಾನು ಗ್ಯಾರೇಜಿಗೆ ಕಾರ್ ಚಾರ್ಜರ್ ಹಾಕಿಸಿದಾಗ ಒಂದು ಕಂಡೆ. ಕೆಲಸಕ್ಕೆ ಮುಂಚೆ ನಗರಸಭೆಯ ಪರ್ಮಿಟ್. ಕೆಲಸದವರಿಗೆ ಕ್ಯಾಲಿಫೋರ್ನಿಯಾದ ಸಿ-10 (ವಿದ್ಯುತ್ ಗುತ್ತಿಗೆದಾರರ) ಲೈಸೆನ್ಸ್. ಆ ಲೈಸೆನ್ಸ್ ಉಳಿಸಿಕೊಳ್ಳಲು ಅವರು 25,000 ಡಾಲರ್ ಬಾಂಡ್ ಇಡಬೇಕು. ಹೊಸ ವೈರಿಂಗ್ ಆದರೆ ಗೋಡೆ ಮುಚ್ಚುವ ಮುಂಚೆಯೇ ಇನ್‌ಸ್ಪೆಕ್ಟರ್ ಬಂದು ತಂತಿ ನೋಡುತ್ತಾರೆ. ಮುಚ್ಚಿಬಿಟ್ಟಿದ್ದರೆ ಒಡೆಸುತ್ತಾರೆ. ಊರಿನಲ್ಲಿ ಗೋಡೆ ಮುಚ್ಚಿ, ಬಣ್ಣ ಬಳಿದು, ಗಣಪತಿ ಫೋಟೋ ಹಾಕಿದ ಮೇಲೆ ಸಹಿ ಹುಡುಕುತ್ತೇವೆ. ವ್ಯತ್ಯಾಸ ಅಷ್ಟೇ. ಹಾಗಂತ ಇಲ್ಲಿ ಎಲ್ಲ ಚೆನ್ನ ಅನ್ನುತ್ತಿಲ್ಲ. ಆ ಚಾರ್ಜರ್ ಕೂರಿಸಲು ಕೊಟ್ಟ ದುಡ್ಡಿನಲ್ಲಿ ಸಾಗರದಲ್ಲಿ ಒಂದು ಇಡೀ ಮನೆಗೆ ವೈರಿಂಗ್ ಮಾಡಿಸಬಹುದಿತ್ತು.

ಸಾಗರದ ಹೊಸ ಮನೆ (ಗುರುವಾರ)

ಅಪ್‌ಡೇಟ್. ಶಿವಮೊಗ್ಗದಿಂದ ಲೈಸೆನ್ಸ್ ಇರುವವರೊಬ್ಬರು ಬಂದಿದ್ದರು. ಜೊತೆಗೆ ಪರ್ಮಿಟ್ ಇರುವ ಹುಡುಗಿ. ಅವಳೇ ಎಲ್ಲ ಅಳೆದಳು. ಅಮ್ಮನಿಗೆ ಅದೇ ದೊಡ್ಡ ಆಶ್ಚರ್ಯ, ಕಾಫಿ ಎರಡು ಸಲ ಕೊಟ್ಟರು.

ಮೊದಲು ಇನ್ವರ್ಟರ್ ಆಫ್ ಮಾಡಿ, ಎಲ್‌ಇಡಿ ಬಲ್ಬ್, ಟಿವಿ, ರೂಟರ್ ಎಲ್ಲ ತೆಗೆಸಿದಳು. ಮೆಗ್ಗರಿನಿಂದ 500 ವೋಲ್ಟ್ ಹಾಕಿ ಒಂದು ನಿಮಿಷ ಹಿಡಿದಳು. ಕನಿಷ್ಠ 1 ಮೆಗಾ ಓಮ್ ಬರಬೇಕಂತೆ. ಗೀಸರ್ ಲೈನಿನಲ್ಲಿ ಬಂದದ್ದು 0.2. ಗೀಸರ್ ಬಿಚ್ಚಿ ಪಕ್ಕಕ್ಕಿಟ್ಟು ಅಳೆದರೆ 80ರ ಮೇಲೆ ಹೋಯಿತು. ಅಂದರೆ ವೈರ್ ಚೆನ್ನಾಗಿದೆ, ಕಾಯಿಲ್ ಹೋಗಿದೆ.

ಆಮೇಲೆ ಅರ್ಥಿಂಗ್ ಪಿಟ್. ಸಿಮೆಂಟ್ ಮುಚ್ಚಳ ತೆಗೆದರೆ ಪೈಪ್ ಇದೆ, ಇದ್ದಿಲು ಇದೆ, ಉಪ್ಪು ಇದೆ, ಪೈಪಿನ ತಲೆಗೆ ಕ್ಲಾಂಪ್ ಕೂಡ ಇದೆ. ಕ್ಲಾಂಪಿನಲ್ಲಿ ತಂತಿ ಇಲ್ಲ! ಮೀಟರ್ ಬೋರ್ಡ್ ಬಿಚ್ಚಿ ನೋಡಿದರೆ ಹಸಿರು ತಂತಿ ಹಿಂದೆ ಸುರುಳಿ ಸುತ್ತಿಕೊಂಡು ಕೂತಿದೆ, ತುದಿಗೆ ಕಪ್ಪು ಟೇಪ್. ಅಂಗಳಕ್ಕೆ ಟೈಲ್ಸ್ ಹಾಕಿದ ಮೇಲೆ ಎಳೆಯೋಣ ಅಂತ ಬಿಟ್ಟಿದ್ದನಂತೆ. ಟೈಲ್ಸ್ ಬಂತು. ತಂತಿ ಮರೆತುಹೋಯಿತು.

ಆರ್‌ಸಿಸಿಬಿ ಯಾಕೆ ಬೀಳುತ್ತಿತ್ತು ಅನ್ನುವುದೂ ಸಿಕ್ಕಿತು. ಇನ್ವರ್ಟರ್ ಲೈನಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿ ದಾಟದ ಕಡೆಯ ನ್ಯೂಟ್ರಲ್ಲಿಗೆ ಸೇರಿಸಿದ್ದ.

ಧಾರವಾಡದಾಕಿ

ನ್ಯೂಟ್ರಲ್ ವಿಷಯ ಸ್ವಲ್ಪ ಬಿಡಿಸಿ ಹೇಳ್ರಿ ಮಾವ. ನಮ್ಮ ಮನ್ಯಾಗೂ ಇನ್ವರ್ಟರ್ ಹಾಕಿಸಿದಾಗಿಂದ ಇದೇ ಕಾಟ.

ಮೆಗ್ಗರ್ ಮಾವ

ಆರ್‌ಸಿಸಿಬಿ ಒಬ್ಬ ಲೆಕ್ಕದ ಗುಮಾಸ್ತ ಅಂದುಕೊಳ್ಳಿ ತಾಯಿ. ಫೇಸಿನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್ಲಿನಲ್ಲಿ ಎಷ್ಟು ವಾಪಸ್ ಬಂತು, ಇಷ್ಟೇ ಅವನು ನೋಡುವುದು. 30 ಮಿಲಿಆಂಪ್‌ನಷ್ಟು ಕಮ್ಮಿ ಬಂದರೆ ಯಾರದೋ ಮೈಮೇಲೆ ಹರಿದು ನೆಲಕ್ಕೆ ಹೋಗಿದೆ ಅಂತ ಅಂಗಡಿ ಮುಚ್ಚುತ್ತಾನೆ. ಈಗ ಅವನ ಬಾಗಿಲಿನಿಂದ ಹೋದ ಕರೆಂಟು ಹಿತ್ತಲ ಬಾಗಿಲಿನಿಂದ ವಾಪಸ್ ಬಂದರೆ? ಲೆಕ್ಕ ತಾಳೆ ಆಗುವುದಿಲ್ಲ. ಯಾರಿಗೂ ಶಾಕ್ ಹೊಡೆದಿರುವುದಿಲ್ಲ, ಆದರೂ ಬೀಳುತ್ತದೆ. ಇನ್ವರ್ಟರ್ ಕೂರಿಸುವವರು ಬಹಳ ಕಡೆ ಮಾಡುವುದು ಇದೇ. ನ್ಯೂಟ್ರಲ್ ಎಲ್ಲ ಒಂದೇ ಅಲ್ವಾ ಅಂತ ಹತ್ತಿರ ಸಿಕ್ಕ ನ್ಯೂಟ್ರಲ್ ಪಟ್ಟಿಗೆ ತಿರುಗಿಸಿ ಹೋಗುತ್ತಾರೆ. ಸರಿ ಮಾಡುವುದು ಅರ್ಧ ದಿನದ ಕೆಲಸ. ಗುಮಾಸ್ತನನ್ನೇ ಬಿಟ್ಟು ತಂತಿ ನೇರ ಸೇರಿಸುವುದು, ಅಂದರೆ ಲೂಪ್ ಹಾಕುವುದು, ಎರಡು ನಿಮಿಷದ ಕೆಲಸ.

ಸಾಗರದ ಹೊಸ ಮನೆ

ಮಾವ, ತಂತಿ ಸೇರಿಸಿದ ಮೇಲೆ ಅರ್ಥ್ ಅಳೆದರು. 23 ಓಮ್ ಬಂತು. ಇನ್ನೊಂದು ಪಿಟ್ ಹಾಕಿಸಿ ಅಂತಿದ್ದಾರೆ. ಬೇಕಾ? ದುಡ್ಡು ಕೀಳುವ ದಾರಿ ಅಲ್ಲ ತಾನೇ?

ಮೆಗ್ಗರ್ ಮಾವ

ಒಂದು ಭಾಗಾಕಾರ ಮಾಡಿ. 230 ವೋಲ್ಟನ್ನು 23 ಓಮಿನಿಂದ ಭಾಗಿಸಿದರೆ 10 ಆಂಪ್. ಗೀಸರ್ ಫೇಸ್ ನೇರವಾಗಿ ಅದರ ಲೋಹದ ಮೈಗೆ (ಬಾಡಿ) ತಾಗಿದರೂ ನೆಲಕ್ಕೆ ಹರಿಯುವುದು 10 ಆಂಪ್ ಅಷ್ಟೇ. ಗೀಸರಿಗೆ ಹಾಕಿರುವ ಎಂಸಿಬಿ 16 ಆಂಪಿನದು. ಅದು ಬೀಳುವುದೇ ಇಲ್ಲ! ಎರಡು ಕಿಲೋವ್ಯಾಟ್ ಗೀಸರ್ ಮಾಮೂಲಿಯಾಗಿ ಎಳೆಯುವುದೇ ಸುಮಾರು 9 ಆಂಪ್ ಅಲ್ವಾ. ಎಂಸಿಬಿ ಪಾಲಿಗೆ ಅದು ಮಾಮೂಲಿ ಗೀಸರ್ ಉರಿದ ಹಾಗೆ. ಬಾಡಿಯಲ್ಲಿ ಕರೆಂಟ್ ಹಾಗೇ ಕೂತಿರುತ್ತದೆ.

"ಅರ್ಥಿಂಗ್ ಇದೆ, ಎಂಸಿಬಿ ಇದೆ, ಸಾಕು" ಅನ್ನುವ ಮಾತು ನಮ್ಮ ನೆಲದಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಅದೇ 23 ಓಮಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಇದ್ದರೆ, ಬಾಡಿಯಲ್ಲಿ ಒಂದು ವೋಲ್ಟ್ ಕೂಡ ಏರುವ ಮುಂಚೆ ಸೋರುವ ಕರೆಂಟು ಅದು ಬೀಳುವ ಗೆರೆ ದಾಟಿರುತ್ತದೆ. ಆರ್‌ಸಿಸಿಬಿ ಸರಿ ಇದ್ದರೆ 23 ಓಮ್ ನಡೆಯುತ್ತದೆ. ಆದರೂ ಎರಡನೇ ಪಿಟ್ ಹಾಕಿಸಿ. ಬೇಸಿಗೆಯಲ್ಲಿ ನೆಲ ಒಣಗಿದಾಗ ಇದೇ ಪಿಟ್ 50 ತೋರಿಸಿದರೂ ಆಶ್ಚರ್ಯ ಇಲ್ಲ. ಐಎಸ್ 3043 (ಅರ್ಥಿಂಗಿನ ಭಾರತೀಯ ಮಾನಕ) ಪ್ರಕಾರ ಪೈಪಿನ ಉದ್ದ ಎರಡೂವರೆ ಮೀಟರ್ ಇರಲಿ, ಗೋಡೆಯಿಂದ ಒಂದೂವರೆ ಮೀಟರ್ ಆಚೆ ಇರಲಿ. ಎರಡು ಪಿಟ್ಟಿನ ನಡುವೆ ಪೈಪಿನ ಉದ್ದಕ್ಕಿಂತ ಕಡಿಮೆ ಜಾಗ ಬಿಡಬೇಡಿ. ಪಕ್ಕ ಪಕ್ಕ ಹಾಕಿದರೆ ಎರಡಿದ್ದೂ ಒಂದೇ ಇದ್ದ ಹಾಗೆ. ಗಿಡಕ್ಕೆ ನೀರು ಹಾಕುವ ಕಡೆಯೇ ತೋಡಿಸಿ, ತೇವ ಇರುತ್ತದೆ.

ಇನ್ನೊಂದು. "ಟಿ" ಗುಂಡಿ ಒತ್ತಿದಾಗ ಆರ್‌ಸಿಸಿಬಿ ಬಿತ್ತು ಅಂದ ಮಾತ್ರಕ್ಕೆ ಅರ್ಥಿಂಗ್ ಚೆನ್ನಾಗಿದೆ ಅಂತ ಅಲ್ಲ. ಗುಂಡಿ ಪರೀಕ್ಷಿಸುವುದು ಆ ಡಬ್ಬಿಯನ್ನು ಮಾತ್ರ. ಅರ್ಥಿಂಗ್ ಅಳೆಯಲು ಬೇರೆ ಮೀಟರೇ ಬೇಕು.

ಕುಂದಾಪುರ ಕಡಲು

ಹೊಸದಾಗಿ ವೈರಿಂಗ್ ಮಾಡಿಸುವವರು ಕಾಂಟ್ರಾಕ್ಟರ್ ಹತ್ತಿರ ಏನೇನು ಬರೆಸಿಕೊಳ್ಳಬೇಕು? ನಮ್ಮದು ಸಜ್ಜಾ ಮಟ್ಟಕ್ಕೆ ಬಂದಿದೆ.

ದಾವಣಗೆರೆ ಕಾಂಟ್ರಾಕ್ಟರ್

ಜಾಸ್ತಿ ಏನಿಲ್ಲ. ಲೈಸೆನ್ಸ್ ಪ್ರತಿ ಕೇಳಿ, ಅವಧಿ ಮುಗಿದಿದೆಯಾ ನೋಡಿ. ಕೆಲಸಕ್ಕೆ ಬರುವವರ ಪರ್ಮಿಟ್ ಕೇಳಿ, ನಾಚಿಕೊಳ್ಳಬೇಡಿ. ವೈರು, ಪ್ಲಗ್ಗು, ಎಂಸಿಬಿಗೆ ಐಎಸ್‌ಐ ಗುರುತು. ಲೈಟು ಫ್ಯಾನಿನ ಒಂದು ಸರ್ಕ್ಯೂಟಿಗೆ 10 ಪಾಯಿಂಟು, 800 ವ್ಯಾಟ್ ದಾಟಬಾರದು. ಗೀಸರ್, ಎಸಿಗೆ ಬೇರೆ ಬೇರೆ ಲೈನು, 4 ಚದರ ಎಂಎಂ ವೈರು. ಗೋಡೆ ಮುಚ್ಚುವ ಮುಂಚೆ ಎಲ್ಲ ಗೋಡೆಯ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ನನ್ನ ನೆನಪು ಮಾಡಿಕೊಳ್ಳುತ್ತೀರಿ. ಕೊನೆಯ ಕಂತಿನ ದುಡ್ಡನ್ನು ನಿಮ್ಮ ಕಣ್ಣೆದುರು ಮೆಗ್ಗರ್, ಅರ್ಥ್ ರೀಡಿಂಗ್ ತೆಗೆದ ಮೇಲೆ ಮಾತ್ರ ಕೊಡಿ. ಈ ಒಂದು ಷರತ್ತಿಗೆ ಒಪ್ಪದವರು ಮೊದಲ ದಿನವೇ ಜಾಗ ಖಾಲಿ ಮಾಡುತ್ತಾರೆ, ನಿಮಗೂ ಸಲೀಸು.

ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಒಂದು ಮಾತು. 15 ಮೀಟರಿಗಿಂತ ಎತ್ತರದ ಕಟ್ಟಡಕ್ಕೆ ನಿಯಮ ಬೇರೆ, ಪರಿವೀಕ್ಷಕರಿಗೆ ಮೊದಲೇ ತಿಳಿಸಬೇಕು. ಅದನ್ನು ಇಲ್ಲಿ ಶುರು ಮಾಡಿದರೆ ಬೆಳಗಾಗುತ್ತದೆ.

ಪಾಯಿಂಟ್ ರೇಟ್

ಮೆಗ್ಗರ್ ಮಾವ, ನೀವು ಹೇಳುವ ಐಎಸ್ ಪುಸ್ತಕ ನಮ್ಮಂಥವರಿಗೆ ಎಲ್ಲಿ ಸಿಗುತ್ತೆ?

ಮೆಗ್ಗರ್ ಮಾವ

ಬಿಐಎಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಇಳಿಸಿಕೊಳ್ಳಬಹುದು. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ 3043. ಇರುವುದು ಇಂಗ್ಲಿಷಿನಲ್ಲಿ. ತಂತಿ ಎಳೆಯುವವನ ಭಾಷೆಯಲ್ಲಿ ಪುಸ್ತಕ ಇಲ್ಲ, ಪುಸ್ತಕ ಓದಬಲ್ಲವನು ತಂತಿ ಎಳೆಯುವುದಿಲ್ಲ. 40 ವರ್ಷದಿಂದ ನನ್ನ ಗೊಣಗಾಟ ಇದೇ. ಮತ್ತೆ, 14 ವರ್ಷ ಕೆಲಸ ಗೊತ್ತಿರುವ ನಿನಗೆ ಪರ್ಮಿಟ್ ಯಾಕಿಲ್ಲ ಮಾರಾಯ? ಜಿಲ್ಲಾ ಪರಿವೀಕ್ಷಕರ ಕಚೇರಿಗೆ ಹೋಗಿ ನಿನಗೆ ಯಾವ ದಾರಿ ಇದೆ ಅಂತ ಕೇಳು. ಫೋನಿನಲ್ಲಿ ಅಲ್ಲ, ಖುದ್ದಾಗಿ ಹೋಗು.

ಸಾಗರದ ಹೊಸ ಮನೆ (ಮುಂದಿನ ಬುಧವಾರ)

ಎರಡನೇ ಪಿಟ್ ಆಯಿತು, ಒಟ್ಟು 11 ಓಮ್. ಗೀಸರ್ ಕಾಯಿಲ್ ವಾರಂಟಿಯಲ್ಲಿ ಬದಲಾಯಿತು. ಆರ್‌ಸಿಸಿಬಿ ಆರು ದಿನದಿಂದ ಒಮ್ಮೆಯೂ ಬಿದ್ದಿಲ್ಲ, ಗುಂಡಿ ಒತ್ತಿದಾಗ ಮಾತ್ರ ಠಪ್ ಅನ್ನುತ್ತದೆ. ಅಮ್ಮನಿಗೆ ಆ ಶಬ್ದ ಎಷ್ಟು ಹಿಡಿಸಿದೆ ಅಂದರೆ ದಿನಾ ಒತ್ತುತ್ತಾರೆ. ತಿಂಗಳಿಗೊಮ್ಮೆ ಸಾಕು ಅಂದರೆ ಕೇಳುವುದಿಲ್ಲ.

ಸಹಿ ಹಾಕಿದವರಿಗೆ ಫೋನ್ ಮಾಡಿದೆ. "ನಂಬಿಕೆ ಮೇಲೆ ಹಾಕಿಕೊಟ್ಟೆ, ಎಲ್ಲ ಕಡೆ ಹೋಗಿ ನೋಡೋಕೆ ಆಗುತ್ತಾ" ಅಂದರು. ಯಾರ ನಂಬಿಕೆ ಅಂತ ಕೇಳಿದೆ, ಫೋನ್ ಇಟ್ಟರು. ಹಳೇ ರಿಪೋರ್ಟಿನ ಪ್ರತಿ, ಹೊಸ ರೀಡಿಂಗ್, ಸುರುಳಿ ಸುತ್ತಿದ ಹಸಿರು ತಂತಿಯ ಫೋಟೋ ಲಗತ್ತಿಸಿ ಪರಿವೀಕ್ಷಕರ ಕಚೇರಿಗೆ ಬರೆದು ಕೊಟ್ಟಿದ್ದೇನೆ. ಸ್ವೀಕೃತಿ ಮುದ್ರೆ ಸಿಕ್ಕಿದೆ. ವೈರಿಂಗ್ ಹುಡುಗನ ಹೆಸರು ಬರೆದಿಲ್ಲ. ಅದು ಸರಿಯೋ ತಪ್ಪೋ, ಬರೆಯಲು ಮನಸ್ಸಾಗಲಿಲ್ಲ.

ಧಾರವಾಡದಾಕಿ

ಬರೀಬೇಕಿತ್ತು. ನಾಳೆ ಇನ್ನೊಂದು ಮನ್ಯಾಗ ಇನ್ನೊಬ್ಬರ ತಾಯಿ ನಲ್ಲಿ ಮುಟ್ಟತಾರ.

ಪಾಯಿಂಟ್ ರೇಟ್

ಅಕ್ಕ ಹೇಳಿದ್ದು ಚುಚ್ಚಿತು. ಒಂದು ವಿಷಯ ಹೇಳಿಬಿಡುತ್ತೇನೆ. ಹೋದ ವರ್ಷ ನಾನೂ ಮೂರು ಮನೆಯಲ್ಲಿ ಆರ್‌ಸಿಸಿಬಿಗೆ ಲೂಪ್ ಹಾಕಿದ್ದೆ. ಈ ಚರ್ಚೆ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಭಾನುವಾರ ಎರಡು ಮನೆಗೆ ಹೋಗಿ ನ್ಯೂಟ್ರಲ್ ಬೇರೆ ಮಾಡಿ ಲೂಪ್ ತೆಗೆದು ಬಂದೆ, ದುಡ್ಡು ಕೇಳಲಿಲ್ಲ. ಮೂರನೇ ಮನೆಗೆ ಬೀಗ. ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ಹೋಗಿದ್ದಾರಂತೆ, ಬಾಡಿಗೆಯವರು ಮುಂದಿನ ವಾರ ಬರುತ್ತಾರಂತೆ. ಓನರ್ ನಂಬರ್ ಹುಡುಕುತ್ತಿದ್ದೇನೆ.

ಮೆಗ್ಗರ್ ಮಾವ

ಬಾಡಿಗೆಯವರು ಗೀಸರ್ ಹಾಕುವ ಮುಂಚೆ ಓನರ್ ಸಿಗಬೇಕು. ಪಕ್ಕದ ಮನೆಯವರನ್ನು ಕೇಳಿದೆಯಾ?